ನೋಡಿಕೊಳ್ಳುವವರ ಪಾಲಿನ ಗಂಟೆಗಳು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಕ್ರಮೇಣ ಇಬ್ಬರ ಆರೋಗ್ಯ ಕೆಡುತ್ತದೆ. ಮೊದಲನೆಯವರ ಬಿಪಿ, ಶುಗರ್, ಸ್ಕ್ಯಾನಿಂಗ್ ರಿಪೋರ್ಟು, ಮಾತ್ರೆಗಳ ಲೆಕ್ಕ ಎಲ್ಲವೂ ಆಸ್ಪತ್ರೆಯ ಫೈಲಿನಲ್ಲಿ ಇರುತ್ತದೆ. ಎರಡನೆಯವರು ಆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ವೈದ್ಯರ ಕೋಣೆಯ ಹೊರಗೆ ಕಾಯುತ್ತಿರುತ್ತಾರೆ. ಅವರು ಹೆಂಡತಿಯೋ ಸೊಸೆಯೋ ಮಗಳೋ ಆಗಿರುತ್ತಾರೆ. ಕೆಲವು ಮನೆಗಳಲ್ಲಿ ನಿವೃತ್ತ ಗಂಡ ಅಥವಾ ಮದುವೆಯಾಗದೆ ಉಳಿದ ಮಗ. ಅವರ ಬಿಪಿಯನ್ನು ಯಾರೂ ನೋಡಿರುವುದಿಲ್ಲ. ತನ್ನನ್ನು ತಾನು ನೋಡಿಕೊಳ್ಳುವುದು, ಮನಸ್ಸಿನ ಸಮತೋಲನ ಕಾಪಾಡಿಕೊಳ್ಳುವುದು ಎಂದು ಈಗ ಎಲ್ಲೆಡೆ ಮಾತು ಕೇಳಿಬರುತ್ತಿದೆ. ಧ್ಯಾನದ ಆ್ಯಪ್‌ಗಳಿಂದ ಹಿಡಿದು ವಾರಾಂತ್ಯದ ಶಿಬಿರಗಳವರೆಗೆ ಅದಕ್ಕೆ ಹಲವು ರೂಪಗಳಿವೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಬೇಕಾದರೆ ಅದನ್ನು ಪರೀಕ್ಷಿಸಬೇಕಾದ ಜಾಗ ಈ ಎರಡನೆಯವರ ಬದುಕು. ಏಕೆಂದರೆ ಸ್ವಂತ ಆರೈಕೆ ಅತ್ಯಂತ ಅಗತ್ಯವಾಗಿರುವುದೂ ಅತ್ಯಂತ ಕಷ್ಟವಾಗಿರುವುದೂ ಅಲ್ಲೇ. ಆ ಪರೀಕ್ಷೆಯಿಂದ ನಾನು ತಲುಪುವ ತೀರ್ಮಾನ ಹೀಗಿದೆ: ಉಸಿರಿನ ಮೇಲೆ ಗಮನವಿಟ್ಟು ದೇಹದ ಮಾತು ಕೇಳಿಸಿಕೊಳ್ಳುವ ಅಭ್ಯಾಸ ನಿಜವಾಗಿಯೂ ಉಪಯುಕ್ತ. ಆದರೆ ದಣಿವು ಎಲ್ಲಿದೆ, ಎಷ್ಟಿದೆ ಎಂದು ತೋರಿಸಿಕೊಡುವುದಷ್ಟೇ ಅದರ ಕೆಲಸ. ದಣಿವು ಇಳಿಯಬೇಕಾದರೆ ಮನೆಯ ಬೇರೊಬ್ಬರು ಒಂದಷ್ಟು ಗಂಟೆಗಳ ಕೆಲಸವನ್ನು ತಮ್ಮ ಮೇಲೆ ಹಾಕಿಕೊಳ್ಳಬೇಕು.

ಆರೈಕೆಯ ಒತ್ತಡ ದೇಹದೊಳಗೆ ಏನು ಮಾಡುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಸರಳ ಪುರಾವೆ ಕೊಟ್ಟರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನೂ, ಅದೇ ವಯಸ್ಸಿನ, ಸರಿಸುಮಾರು ಅಷ್ಟೇ ಆದಾಯದ, ಅಂಥ ಹೊಣೆಯಿಲ್ಲದ 13 ಮಹಿಳೆಯರನ್ನೂ ಆರಿಸಿ ಎಲ್ಲರ ತೋಳಿನ ಮೇಲೂ 3.5 ಮಿಲಿಮೀಟರ್ ಅಗಲದ ಒಂದೇ ಬಗೆಯ ಚಿಕ್ಕ ಗಾಯ ಮಾಡಿದರು. ಅದು ಪೂರ್ತಿ ಮಾಯಲು ಹೊಣೆಯಿಲ್ಲದವರಿಗೆ ಸರಾಸರಿ 39.3 ದಿನ ಹಿಡಿಯಿತು, ನೋಡಿಕೊಳ್ಳುವವರಿಗೆ 48.7 ದಿನ. ಮನಸ್ಸಿನ ಭಾರ ಚರ್ಮದ ಮೇಲೆ ಒಂಬತ್ತು ದಿನಗಳ ವಿಳಂಬವಾಗಿ ಕಾಣಿಸಿತು. ಅದೇ ತಂಡ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಉರಿಯೂತಕ್ಕೆ ಸಂಬಂಧಿಸಿದ ಐಎಲ್-6 ಎಂಬ ಅಂಶ ನೋಡಿಕೊಳ್ಳುವವರ ರಕ್ತದಲ್ಲಿ ಆರು ವರ್ಷಗಳ ಅವಧಿಯಲ್ಲಿ ಉಳಿದವರಿಗಿಂತ ನಾಲ್ಕು ಪಟ್ಟು ವೇಗವಾಗಿ ಏರಿದ್ದು ಕಂಡುಬಂತು. ವಯಸ್ಸಾದಂತೆ ಬರುವ ಹೃದ್ರೋಗ, ಸಕ್ಕರೆ ಕಾಯಿಲೆ, ಮೂಳೆ ಸವೆತಗಳ ಜೊತೆ ನಂಟಿರುವ ಅಂಶ ಇದು. ಇನ್ನೂ ಕಳವಳದ ಸಂಗತಿಯೆಂದರೆ, ರೋಗಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೂ ಅದು ಹಳೆಯ ಗತಿಗೆ ಮರಳಿರಲಿಲ್ಲ. ಹಾಗಾಗಿ 'ಎಲ್ಲ ಮುಗಿದ ಮೇಲೆ ಸುಧಾರಿಸಿಕೊಂಡರಾಯಿತು' ಎಂದು ಕಾಯುವುದರಲ್ಲಿ ಅಪಾಯವಿದೆ. ದೇಹದಲ್ಲಿ ಸಾಲ ಬೆಳೆಯುತ್ತಾ ಹೋಗಿರುತ್ತದೆ.

ಇಷ್ಟು ಓದಿ, ಆರೈಕೆ ಮಾಡುವುದೇ ವಿಷ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. 1999ರಲ್ಲಿ ಪಿಟ್ಸ್‌ಬರ್ಗ್‌ನ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಅವರು ವೃದ್ಧ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ ಬರೆದ ವರದಿ ಈ ವಿಷಯದಲ್ಲಿ ತುಂಬ ಮುಖ್ಯವಾದದ್ದು. ಸಂಗಾತಿಯನ್ನು ನೋಡಿಕೊಳ್ಳುತ್ತಾ, ಅದರಿಂದ ದೈಹಿಕವಾಗಿ ಅಥವಾ ಮಾನಸಿಕವಾಗಿ ಬಳಲುತ್ತಿದ್ದೇವೆ ಎಂದವರಲ್ಲಿ ಸಾವಿನ ಅಪಾಯ, ಅಂಥ ಹೊಣೆಯಿಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ನೋಡಿಕೊಳ್ಳುತ್ತಿದ್ದರೂ ಬಳಲಿಕೆ ಇಲ್ಲ ಎಂದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಅಮೆರಿಕದ ಇನ್ನೊಂದು ದೊಡ್ಡ ಸಮೀಕ್ಷೆಯನ್ನು ಆಧರಿಸಿ ಡೇವಿಡ್ ರಾತ್ ಮತ್ತು ಸಂಗಡಿಗರು 2013ರಲ್ಲಿ ಬರೆದ ಲೇಖನದಲ್ಲಿ ಇದಕ್ಕಿಂತ ಅಚ್ಚರಿಯ ಫಲಿತಾಂಶವಿದೆ: ಕುಟುಂಬದವರನ್ನು ನೋಡಿಕೊಳ್ಳುತ್ತಿದ್ದ 3,503 ಜನರನ್ನು, ಹಲವು ವಿಧಗಳಲ್ಲಿ ಅವರನ್ನು ಹೋಲುವ ಅಷ್ಟೇ ಸಂಖ್ಯೆಯ ಬೇರೆ ಜನರೊಂದಿಗೆ ಹೋಲಿಸಿದಾಗ, ಆರು ವರ್ಷಗಳಲ್ಲಿ ನೋಡಿಕೊಳ್ಳುವವರ ಸಾವಿನ ಪ್ರಮಾಣವೇ ಶೇ 18ರಷ್ಟು ಕಡಿಮೆ ಇತ್ತು. ಈ ಎರಡು ಫಲಿತಾಂಶಗಳನ್ನು ಎದುರುಬದುರು ನಿಲ್ಲಿಸಿ ಒಂದನ್ನು ತಳ್ಳಿಹಾಕಬೇಕಿಲ್ಲ. ಒಬ್ಬರಿಗೆ ನೆರವಾಗುವುದರಲ್ಲಿ ಬದುಕಿಗೆ ಅರ್ಥವಿದೆ, ನಂಟು ಗಟ್ಟಿಯಾಗುತ್ತದೆ, ಮೈ ಚಟುವಟಿಕೆಯಿಂದ ಇರುತ್ತದೆ. ಅದು ಆರೋಗ್ಯಕ್ಕೆ ಒಳ್ಳೆಯದೇ. ಬಿಡುವಿಲ್ಲದೆ, ನಿದ್ದೆಯಿಲ್ಲದೆ, ಕೈಗೊಬ್ಬರಿಲ್ಲದೆ ಅದೇ ಕೆಲಸ ವರ್ಷಗಟ್ಟಲೆ ನಡೆದಾಗ ಮೈ ಮುರಿಯುತ್ತದೆ. ಆದ್ದರಿಂದ ಆರೈಕೆಯನ್ನು ಬಿಟ್ಟುಬಿಡಿ ಎಂಬ ಸಲಹೆಗೆ ಅರ್ಥವಿಲ್ಲ. ಬಳಲಿಕೆಯ ಗೆರೆ ದಾಟದಂತೆ ಆರೈಕೆ ಮಾಡುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಎಷ್ಟು ಮನೆಗಳದ್ದು ಎಂದು ಊಹಿಸಲು ಮರೆವಿನ ಕಾಯಿಲೆ ಒಂದನ್ನೇ ತೆಗೆದುಕೊಂಡರೂ ಸಾಕು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಹೆಚ್ಚು. ಇದರ ಮೇಲೆ ಲಕ್ವ ಹೊಡೆದವರು, ಕ್ಯಾನ್ಸರಿನ ಕೊನೆಯ ಹಂತದವರು, ಪಾರ್ಕಿನ್ಸನ್ಸ್ ಇರುವವರು, ಸೊಂಟದ ಮೂಳೆ ಮುರಿದು ಮಲಗಿದವರು, ಹುಟ್ಟಿನಿಂದಲೇ ಅಂಗವೈಕಲ್ಯವಿದ್ದು ಈಗ ದೊಡ್ಡವರಾದ ಮಕ್ಕಳು. ಇವರೆಲ್ಲರನ್ನೂ ನೋಡಿಕೊಳ್ಳುವ ಸಮಯ ಯಾರ ದಿನದಿಂದ ಬರುತ್ತದೆ ಎಂಬುದಕ್ಕೂ ಸರ್ಕಾರದ್ದೇ ಲೆಕ್ಕವಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಿದ್ದರು, ಗಂಡಸರು 88 ನಿಮಿಷಗಳನ್ನು. ಮನೆಯ ಸದಸ್ಯರ ಆರೈಕೆಯಲ್ಲಿ ತೊಡಗಿದ ಮಹಿಳೆಯರು 137 ನಿಮಿಷ, ಗಂಡಸರು 75 ನಿಮಿಷ. ಗಂಡಸರ ಆ ಸಂಖ್ಯೆಯೂ ಆರೈಕೆಯಲ್ಲಿ ತೊಡಗಿದ್ದವರಿಗೆ ಮಾತ್ರ ಸಂಬಂಧಿಸಿದ್ದು. ಹಾಗೆ ತೊಡಗುವ ಗಂಡಸರ ಪ್ರಮಾಣವೇ ಹೆಂಗಸರದಕ್ಕಿಂತ ಬಹಳ ಕಡಿಮೆ. ಮನೆಯಲ್ಲಿ ರೋಗಿಯಿದ್ದಾಗ ಈ ಎರಡೂ ಬಗೆಯ ಕೆಲಸ ಒಬ್ಬಳೇ ಹೆಣ್ಣುಮಗಳ ಮೇಲೆ ಬೀಳುವುದು ಸಾಮಾನ್ಯ. ಇಂಥವಳಿಗೆ ಬೆಳಿಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಧ್ಯಾನ ಮಾಡಿ ಎಂದು ಹೇಳುವವರು ಆ ಅರ್ಧ ಗಂಟೆಯನ್ನು ಅವಳ ನಿದ್ದೆಯಿಂದಲೇ ಕೇಳುತ್ತಿದ್ದಾರೆ.

'ನಮ್ಮ ಅಜ್ಜಿಯಂದಿರು ಇದನ್ನೆಲ್ಲ ಗೊಣಗದೆ ಮಾಡಲಿಲ್ಲವೇ' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಮಾಡಿದರು ನಿಜ; ಆದರೆ ಅವರು ಮಾಡಿದ ಕೆಲಸ ಇಂದಿನ ಈ ಕೆಲಸವಾಗಿರಲಿಲ್ಲ. ಲಕ್ವ ಹೊಡೆದವರು, ಮೂತ್ರಪಿಂಡ ಕೈಕೊಟ್ಟವರು ಆಗ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಔಷಧ, ಕ್ಯಾತಿಟರ್, ಮೂಗಿನ ನಳಿಕೆ, ಡಯಾಲಿಸಿಸ್‌ಗಳ ನೆರವಿನಿಂದ ಅವರು ಹಲವು ವರ್ಷ ಬದುಕುತ್ತಾರೆ, ಅದು ವೈದ್ಯವಿಜ್ಞಾನದ ಗೆಲುವೇ. ಆದರೆ ಹಿಂದೆ ನರ್ಸುಗಳು ಮಾಡುತ್ತಿದ್ದ ಕೆಲಸವನ್ನು ಡಿಸ್ಚಾರ್ಜ್ ಆದ ಮಾರನೆಯ ದಿನದಿಂದ ಮನೆಯವರು ಮಾಡಬೇಕು. ಅದೇ ಹೊತ್ತಿಗೆ ಮನೆಯಲ್ಲಿ ಕೈಗಳು ಕಡಿಮೆಯಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಇರುವ ಇಬ್ಬರಲ್ಲಿ ಒಬ್ಬರು ಬೆಂಗಳೂರಲ್ಲೋ ಡಲ್ಲಾಸಿನಲ್ಲೋ ಇದ್ದರೆ ಊರಲ್ಲಿ ಉಳಿದವರು ಒಬ್ಬರೇ. ದೊಡ್ಡ ತೊಟ್ಟಿಮನೆಯಲ್ಲಿ ಮುದುಕರು ಮಲಗಿದ್ದಾಗ ಒಬ್ಬರು ಗಂಜಿ ಕುಡಿಸಿದರೆ ಇನ್ನೊಬ್ಬರು ಮೈ ಒರೆಸುತ್ತಿದ್ದರು, ಮತ್ತೊಬ್ಬರು ರಾತ್ರಿ ಪಕ್ಕದಲ್ಲಿ ಮಲಗುತ್ತಿದ್ದರು. ಅಜ್ಜಿಯಂದಿರ ಮೈ ಉಳಿಸಿದ್ದರಲ್ಲಿ ಆ ಹಂಚಿಕೆಗೂ ಪಾಲಿದೆ. ಅವರ ಸಹನೆಯನ್ನು ಹೊಗಳುವವರು ಆ ಹಂಚಿಕೆಯನ್ನು ಮರೆಯುತ್ತಾರೆ. ಇನ್ನು, ಅವರು ಗೊಣಗಲಿಲ್ಲ ಎನ್ನುವುದರಿಂದ ಅವರಿಗೆ ನೋವಿರಲಿಲ್ಲ ಎಂದು ಸಾಬೀತಾಗುವುದಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಈಗ ಗಮನದ ಅಭ್ಯಾಸದ ವಿಷಯಕ್ಕೆ ಬರೋಣ. ಮೈಂಡ್‌ಫುಲ್‌ನೆಸ್ ಎಂದು ಜಗತ್ತಿನಾದ್ಯಂತ ಹೆಸರಾಗಿರುವ ಪದ್ಧತಿಯ ಬೇರು ಬೌದ್ಧರ ಧ್ಯಾನದಲ್ಲಿದೆ. ಅದನ್ನು ಆಸ್ಪತ್ರೆಯ ಚೌಕಟ್ಟಿಗೆ ತಂದವರು ಅಮೆರಿಕದ ಜಾನ್ ಕಬಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ನರಳುತ್ತಿದ್ದವರಿಗಾಗಿ ಅವರು ಶುರುಮಾಡಿದ ತರಬೇತಿಯೇ ಇಂದಿನ ಬಹುತೇಕ ಕಾರ್ಯಕ್ರಮಗಳಿಗೆ ಮಾದರಿ. ಉಸಿರನ್ನೂ ದೇಹದ ಒಂದೊಂದು ಭಾಗವನ್ನೂ ಗಮನಿಸುವುದು, ಬರುವ ಯೋಚನೆಯನ್ನು ಅಟ್ಟದೆ, ಅದರ ಹಿಂದೆಯೂ ಓಡದೆ ನೋಡುವುದು ಇಷ್ಟೇ ಅದರ ತಿರುಳು. ಪರಿಣಾಮದ ಬಗ್ಗೆ ಸಮತೂಕದ ಉತ್ತರ ಸಿಕ್ಕಿದ್ದು 2014ರಲ್ಲಿ. ಧ್ಯಾನ ಕಾರ್ಯಕ್ರಮಗಳ ಮೇಲೆ ನಡೆದ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಸಂಶೋಧಕರು, ಆತಂಕ, ಖಿನ್ನತೆ, ನೋವುಗಳ ಮೇಲೆ ಮೈಂಡ್‌ಫುಲ್‌ನೆಸ್ ಧ್ಯಾನದಿಂದ ಸಣ್ಣದರಿಂದ ಮಧ್ಯಮ ಪ್ರಮಾಣದ ಪ್ರಯೋಜನವಿದೆ ಎಂದರು. ವ್ಯಾಯಾಮ, ಔಷಧ ಮುಂತಾದ ಬೇರೆ ಚಿಕಿತ್ಸೆಗಳಿಗಿಂತ ಅದು ಮೇಲು ಎನ್ನಲು ಆಧಾರವಿಲ್ಲ ಎಂದೂ ಸೇರಿಸಿದರು. ನನಗೆ ಇದು ಭರವಸೆಯ ಮಾತಾಗಿಯೇ ಕೇಳಿಸುತ್ತದೆ. ಧ್ಯಾನ ಒಗ್ಗದವರು ನಡಿಗೆಗೆ ಹೋಗಬಹುದು, ಭಜನೆಗೆ ಹೋಗಬಹುದು, ತೋಟದಲ್ಲಿ ಗಿಡ ನೋಡಿಕೊಳ್ಳಬಹುದು. ಒಂದೇ ದಾರಿಯೆಂಬ ಕಟ್ಟುಪಾಡಿಲ್ಲ.

ಆದರೆ ನೋಡಿಕೊಳ್ಳುವವರ ವಿಷಯದಲ್ಲಿ ಗಮನದ ಅಭ್ಯಾಸಕ್ಕೆ ಒಂದು ವಿಶೇಷ ಉಪಯೋಗವಿದೆ. ಅದು ಚಾಪೆಯ ಮೇಲೆ ಕುಳಿತಾಗ ಸಿಗುವುದಕ್ಕಿಂತ ಕೆಲಸದ ನಡುವೆಯೇ ಹೆಚ್ಚಾಗಿ ಸಿಗುತ್ತದೆ. ಮಲಗಿದ ರೋಗಿಯ ಮಗ್ಗುಲು ಬದಲಿಸುವ ಕೆಲಸವನ್ನೇ ನೋಡಿ. ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗದಿರಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನರ್ಸುಗಳು ಹೇಳಿಕೊಡುತ್ತಾರೆ. ಅವಸರದಲ್ಲಿರುವವರು ಮಂಚದ ಮೇಲೆ ಬಾಗಿ, ರೋಗಿಯ ಕಂಕುಳಿಗೆ ಕೈಹಾಕಿ ಎಳೆಯುತ್ತಾರೆ. ಆ ಕ್ಷಣ ಹಲ್ಲು ಕಚ್ಚಿರುತ್ತದೆ, ಹೆಗಲು ಕಿವಿಯ ಹತ್ತಿರ ಏರಿರುತ್ತದೆ, ಉಸಿರು ನಿಂತಿರುತ್ತದೆ. ಇಡೀ ಭಾರ ಸೊಂಟದ ಮೇಲೆ ಬೀಳುತ್ತದೆ. ಬಲ್ಲವರು ಮಾಡುವ ರೀತಿ ಬೇರೆ. ಹಳೆಯ ಹತ್ತಿ ಸೀರೆಯನ್ನು ಮಡಚಿ ರೋಗಿಯ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಅಡ್ಡಲಾಗಿ ಹಾಸಿರುತ್ತಾರೆ. ಆ ಬಟ್ಟೆಯ ಅಂಚನ್ನು ರೋಗಿಯ ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, ಪಾದಗಳನ್ನು ಅಗಲವಾಗಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಉಸಿರು ಬಿಡುತ್ತಾ ತಮ್ಮ ಕಡೆಗೆ ಸರಿಸಿಕೊಳ್ಳುತ್ತಾರೆ. ಇನ್ನೊಂದು ಬದಿಗೆ ಇನ್ನೊಬ್ಬರಿದ್ದರೆ ಅರ್ಧ ಬಲ ಸಾಕು. ಹೀಗೆ ಮಾಡುವ ಮುನ್ನ ಅಂಗಾಲು ನೆಲಕ್ಕೆ ತಾಗಿದ್ದನ್ನು, ಹೆಗಲು ಬಿಗಿದದ್ದನ್ನು ಒಂದು ಉಸಿರಿನಷ್ಟು ಹೊತ್ತು ಗಮನಿಸುವುದು ಧ್ಯಾನವೂ ಹೌದು, ಸೊಂಟ ಉಳಿಸಿಕೊಳ್ಳುವ ಉಪಾಯವೂ ಹೌದು. ಇದಕ್ಕೆ ಬೇರೆ ಸಮಯ ಬೇಡ. ಔಷಧ ಕೊಡುವ ಮುನ್ನ ಕೈ ತೊಳೆಯುವಾಗ, ಕುಕ್ಕರಿನ ಎರಡನೆಯ ಸೀಟಿಗೆ ಕಾಯುವಾಗ ಅದೇ ಗಮನವನ್ನು ತಂದುಕೊಳ್ಳಬಹುದು: ದವಡೆ ಬಿಗಿದಿದೆಯೇ, ಬೆಳಿಗ್ಗೆಯಿಂದ ನೀರು ಕುಡಿದಿದ್ದೇನೆಯೇ, ಅದೇ ಪ್ರಶ್ನೆಯನ್ನು ಮಾವ ಹತ್ತನೆಯ ಸಲ ಕೇಳಿದಾಗ ಗಂಟಲಿನವರೆಗೆ ಬಂದ ಸಿಟ್ಟು ದಣಿವಿನದೋ ದ್ವೇಷದ್ದೋ. ಬಹುಪಾಲು ಸಲ ಅದು ದಣಿವು. ಹಾಗೆಂದು ಗುರುತಿಸಿದವರು ರೋಗಿಯ ಮೇಲೆ ರೇಗುವುದು ಕಡಿಮೆಯಾಗುತ್ತದೆ, ಆಮೇಲೆ ತಮ್ಮನ್ನು ತಾವು ಹಳಿದುಕೊಳ್ಳುವುದೂ ಕಡಿಮೆಯಾಗುತ್ತದೆ.

ಗಮನಕ್ಕೆ ಬಂದದ್ದನ್ನು ಏನು ಮಾಡಬೇಕು ಎಂಬಲ್ಲಿ ಈ ಅಭ್ಯಾಸದ ಮಿತಿ ಶುರುವಾಗುತ್ತದೆ. 'ನನಗೆ ಮೂರು ವಾರದಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆಯಾಗಿಲ್ಲ' ಎಂದು ಸ್ಪಷ್ಟವಾಗಿ ಅರಿತವಳಿಗೆ ಮುಂದಿನ ಹೆಜ್ಜೆ ಇನ್ನಷ್ಟು ಅರಿವಾಗಲಾರದು. ಅವಳಿಗೆ ಬೇಕಾದದ್ದು ಒಂದು ರಾತ್ರಿಯ ನಿದ್ದೆ. ಬ್ರಿಟನ್ನಿನ ನೌಕರರ ಮೇಲೆ ನಡೆದ ಅಧ್ಯಯನವೊಂದು ಇದನ್ನು ಇನ್ನೊಂದು ಕ್ಷೇತ್ರದಿಂದ ತೋರಿಸುತ್ತದೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ವಿಶ್ಲೇಷಿಸಿ 2024ರಲ್ಲಿ ಪ್ರಕಟಿಸಿದರು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಗತಿ ಮುಂತಾದ ಒಬ್ಬೊಬ್ಬರನ್ನೇ ಗುರಿಯಾಗಿಸಿಕೊಂಡ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ಸ್ಥಿತಿ, ಭಾಗವಹಿಸದವರಿಗಿಂತ ಉತ್ತಮವಾಗಿರಲಿಲ್ಲ. ಕೆಲಸದ ಹೊರೆಯನ್ನು ಹಾಗೇ ಇಟ್ಟು ಹೊರುವವರಿಗೆ ಉಸಿರಾಟ ಕಲಿಸಿದರೆ ಹೊರೆ ಹಗುರಾಗದು. ಮನೆಗೂ ಈ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್' ಎಂಬ ಆನ್‌ಲೈನ್ ತರಬೇತಿಯನ್ನು ಡಿಮೆನ್ಷಿಯಾ ರೋಗಿಗಳನ್ನು ನೋಡಿಕೊಳ್ಳುವ ಭಾರತೀಯರಿಗೆ ಹೊಂದಿಸಿ ಪರೀಕ್ಷಿಸಿದಾಗ ಬಹಳ ಜನ ನಡುವೆಯೇ ಬಿಟ್ಟುಹೋದರು. ಹೊರೆ ಮತ್ತು ಖಿನ್ನತೆಯಲ್ಲಿ ಎದ್ದುಕಾಣುವ ಇಳಿಕೆಯೂ ಆಗಲಿಲ್ಲ. ಆ ತರಬೇತಿಯ ವಿಷಯದಲ್ಲಿ ಕೊರತೆಯಿತ್ತು ಎಂದು ನಾನು ಹೇಳಲಾರೆ. ಕುಳಿತು ಕಲಿಯುವಷ್ಟು ಬಿಡುವೇ ಇಲ್ಲದ ಮನೆಗೆ ಮೊಬೈಲಿನಲ್ಲಿ ಪಾಠ ತಲುಪಿಸುವುದರ ಕಷ್ಟ ಅದರಲ್ಲಿ ನನಗೆ ಕಾಣುತ್ತದೆ.

ಹಾಗಾದರೆ ಫಲ ಕೊಟ್ಟದ್ದು ಯಾವುದು? ಲಂಡನ್ನಿನಲ್ಲಿ ಗಿಲ್ ಲಿವಿಂಗ್‌ಸ್ಟನ್ ನೇತೃತ್ವದ ತಂಡ 'ಸ್ಟಾರ್ಟ್' ಎಂಬ ಕಾರ್ಯಕ್ರಮವನ್ನು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ 260 ಬಂಧುಗಳೊಂದಿಗೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಮನಶ್ಶಾಸ್ತ್ರದ ಪದವೀಧರರು ಒಬ್ಬೊಬ್ಬರನ್ನೂ ಎಂಟು ಸಲ ಭೇಟಿಯಾಗಿ, ರೋಗಿಯ ಯಾವ ವರ್ತನೆ ಅವರನ್ನು ಹೆಚ್ಚು ಕಾಡುತ್ತದೆ, ಅದಕ್ಕೆ ಮುನ್ನ ಏನಾಗಿರುತ್ತದೆ, ಯಾರಿಂದ ಏನು ಸಹಾಯ ಕೇಳಬಹುದು, ಮುಂದಿನ ದಿನಗಳಿಗೆ ಏನು ಸಿದ್ಧತೆ ಬೇಕು ಎಂದು ಕೂಡಿ ಯೋಚಿಸುತ್ತಿದ್ದರು. ಪ್ರತಿ ಭೇಟಿಯ ಕೊನೆಗೆ ಮೈ ಸಡಿಲಿಸುವ ಅಭ್ಯಾಸವೂ ಇರುತ್ತಿತ್ತು. ಎರಡು ವರ್ಷಗಳ ನಂತರ ನೋಡಿದಾಗ, ಈ ನೆರವು ಸಿಗದವರಲ್ಲಿ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಯ ಸಾಧ್ಯತೆ ಏಳು ಪಟ್ಟು ಹೆಚ್ಚಿತ್ತು. ನಮ್ಮ ನೆರೆಯ ಗೋವಾದಲ್ಲಿ ಅಮಿತ್ ಡಯಾಸ್, ವಿಕ್ರಂ ಪಟೇಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಹತ್ತಿರದ್ದು. ಸ್ಥಳೀಯ ಭಾಷೆ ಬಲ್ಲ ಸಾಮಾನ್ಯ ಜನರಿಗೆ ಕಿರು ತರಬೇತಿ ಕೊಟ್ಟು, ಡಿಮೆನ್ಷಿಯಾ ಇರುವ ಮನೆಗಳಿಗೆ ಆರು ತಿಂಗಳು ಮತ್ತೆ ಮತ್ತೆ ಕಳಿಸಿದರು. ಒಟ್ಟು 81 ಕುಟುಂಬಗಳು ಪ್ರಯೋಗದಲ್ಲಿದ್ದವು. ಈ ಭೇಟಿಗಳು ನಡೆದ ಮನೆಗಳಲ್ಲಿ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಲಂಡನ್ನು, ಗೋವಾ ಎರಡೂ ಕಡೆ ನಡೆದದ್ದರಲ್ಲಿ ಒಂದು ಸಾಮ್ಯವಿದೆ. ಒಬ್ಬ ಮನುಷ್ಯ ಬಾಗಿಲು ತಟ್ಟಿ ಒಳಬಂದು, ರೋಗಿಯನ್ನಷ್ಟೇ ವಿಚಾರಿಸದೆ ನೋಡಿಕೊಳ್ಳುವವರನ್ನೂ ವಿಚಾರಿಸಿದ. ಆಮೇಲೆ ಮತ್ತೆಯೂ ಬಂದ.

ಪ್ರತಿ ಮನೆಗೂ ಅಂಥವರನ್ನು ಕಳಿಸುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮನೆಯವರೇ ಮಾಡಿಕೊಳ್ಳಬಹುದಾದದ್ದು ಗಂಟೆಗಳ ಹಂಚಿಕೆ. ಇಲ್ಲಿ ನಿದ್ದೆಗೆ ಮೊದಲ ಸ್ಥಾನ ಕೊಡಬೇಕು ಎಂದು ನನ್ನ ಅಭಿಪ್ರಾಯ. ಒಳ್ಳೆಯ ಊಟ, ನಡಿಗೆ, ಧ್ಯಾನ ಎಲ್ಲವೂ ನಿದ್ದೆಗೆಟ್ಟ ಮೈಯಲ್ಲಿ ಅರ್ಧ ಫಲ ಕೊಡುತ್ತವೆ. ವಾರದಲ್ಲಿ ಎರಡು ರಾತ್ರಿಯಾದರೂ ರೋಗಿಯ ಕೋಣೆಯಲ್ಲಿ ಬೇರೊಬ್ಬರು ಮಲಗುವಂತೆ, ಹಗಲಿನಲ್ಲಿ ಒಂದು ಹೊತ್ತು ಪೂರ್ತಿ ಬಿಡುವಾಗುವಂತೆ ವ್ಯವಸ್ಥೆಯಾದರೆ ಅದು ದೊಡ್ಡ ಹೆಜ್ಜೆ. 'ಬೇಕಾದಾಗ ಹೇಳು, ಬರ್ತೀನಿ' ಎನ್ನುವುದು ಒಳ್ಳೆಯ ಮನಸ್ಸಿನ ಮಾತೇ ಆದರೂ ಕೇಳುವ ಭಾರವನ್ನು ದಣಿದವರ ಮೇಲೆಯೇ ಬಿಡುತ್ತದೆ. 'ಬುಧವಾರ ರಾತ್ರಿ ನನ್ನದು' ಎಂದು ವಾರ ನಿಗದಿ ಮಾಡಿದರೆ ಕೇಳುವ ಪ್ರಸಂಗವೇ ಬರುವುದಿಲ್ಲ. ಹೊರದೇಶದಲ್ಲಿರುವ ಮಕ್ಕಳು ಹಣ ಕಳಿಸಿ, ಭಾನುವಾರ ವಿಡಿಯೊ ಕಾಲ್ ಮಾಡಿ ತಮ್ಮ ಪಾಲು ಮುಗಿಯಿತೆಂದು ಭಾವಿಸುವುದುಂಟು. ದೂರದಿಂದಲೂ ಗಂಟೆಗಳನ್ನು ವಹಿಸಿಕೊಳ್ಳಲು ಸಾಧ್ಯವಿದೆ: ವೈದ್ಯರ ಅಪಾಯಿಂಟ್‌ಮೆಂಟ್, ವಿಮೆಯ ಕಾಗದಪತ್ರ, ತಿಂಗಳ ಮಾತ್ರೆಗಳ ಆರ್ಡರ್, ಹೋಂ ನರ್ಸ್ ಏಜೆನ್ಸಿಯ ಜೊತೆಗಿನ ಮಾತುಕತೆ ಇವೆಲ್ಲ ಫೋನಿನಲ್ಲೇ ಆಗುವ ಕೆಲಸಗಳು. ಕೆಲಸ ಕೊಟ್ಟ ಮೇಲೆ ಅದು ತನ್ನದೇ ರೀತಿಯಲ್ಲಿ ಆಗಬೇಕೆಂಬ ಹಟವನ್ನು ಮುಖ್ಯವಾಗಿ ನೋಡಿಕೊಳ್ಳುವವರೂ ಸ್ವಲ್ಪ ಸಡಿಲಿಸಬೇಕಾಗುತ್ತದೆ. ಗಂಜಿ ತುಸು ತೆಳ್ಳಗಾಯಿತೆಂದು, ದಿಂಬು ಇಟ್ಟದ್ದು ಸರಿಯಿಲ್ಲವೆಂದು ಮೊದಲ ದಿನವೇ ಕೈಯಿಂದ ಕಿತ್ತುಕೊಂಡರೆ ಗಂಡನೋ ಮೈದುನನೋ ಎರಡನೆಯ ದಿನ ಬರುವುದಿಲ್ಲ.

ಇಲ್ಲಿ ಬಹಳ ಜನರನ್ನು ತಡೆಯುವುದು ಒಳಗಿನ ಅಪರಾಧಿ ಭಾವ. ಹೆತ್ತವರನ್ನು ಬೇರೆಯವರ ಕೈಗೆ ಬಿಟ್ಟು ಸಿನಿಮಾಕ್ಕೆ ಹೋಗುವುದೇ, ಗಂಡ ಹೀಗೆ ಮಲಗಿರುವಾಗ ನೆಂಟರ ಮದುವೆಯಲ್ಲಿ ನಗುವುದೇ ಎಂದು ಮನಸ್ಸು ಚುಚ್ಚುತ್ತದೆ. ಮನಸ್ಸು ಸುಮ್ಮನಿದ್ದರೆ ಓಣಿ ಚುಚ್ಚುತ್ತದೆ. ಸೇವೆಯನ್ನು ಧರ್ಮವೆಂದು ನಂಬಿ ಬಂದ ಸಮಾಜದಲ್ಲಿ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಆ ನಂಬಿಕೆಯಿಂದಾಗಿಯೇ ಎಷ್ಟೋ ವೃದ್ಧರು ಕೊನೆಯವರೆಗೆ ತಮ್ಮ ಮನೆಯಲ್ಲಿ, ತಮ್ಮವರ ನಡುವೆ ಇದ್ದಾರೆ. ಆದರೆ ಸೇವೆ ರೋಗಿಯ ಒಳಿತಿಗಾಗಿ ಎಂದಾದರೆ ಸೇವೆ ಮಾಡುವವರ ನಿದ್ದೆಯೂ ರೋಗಿಯ ಒಳಿತಿನ ಭಾಗವೇ. ನಿದ್ದೆಗೆಟ್ಟವರ ಕೈಯಲ್ಲಿ ಇನ್ಸುಲಿನ್ ಡೋಸ್ ತಪ್ಪಬಹುದು, ಬಾತ್‌ರೂಮಿಗೆ ಕರೆದೊಯ್ಯುವಾಗ ಹಿಡಿತ ಜಾರಬಹುದು, ಮರೆವಿನ ರೋಗಿಯ ಮೇಲೆ ಕೈ ಮೇಲೇಳಬಹುದು. ನೋಡಿಕೊಳ್ಳುವವರು ಕುಸಿದರೆ ಆ ಮನೆಯಲ್ಲಿ ಇಬ್ಬರು ರೋಗಿಗಳು. ಎರಡನೆಯ ಮಾತು ಇನ್ನೂ ಮುಖ್ಯವೆನಿಸುತ್ತದೆ: ರೋಗಿಗೆ ಉಪಯೋಗವಾಗುತ್ತದೆ ಎಂಬ ಕಾರಣ ಇಲ್ಲದಿದ್ದರೂ ಆ ಹೆಣ್ಣುಮಗಳಿಗೆ ತನ್ನದೇ ಒಂದು ಜೀವವಿದೆ. ಅದರ ಆರೋಗ್ಯಕ್ಕೆ ಬೇರೆಯವರ ಹೆಸರಿನಲ್ಲಿ ಸಮರ್ಥನೆ ಕೊಡಬೇಕಾದ ಅಗತ್ಯವಿಲ್ಲ.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೋಂ ನರ್ಸ್ ಇಡುವ ಶಕ್ತಿ ಎಷ್ಟು ಮನೆಗಳಿಗಿದೆ? ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಯಲ್ಲಿ ಯಾರ ಗಂಟೆಯನ್ನು ಯಾರಿಗೆ ಹಂಚುವುದು? ಈ ಪ್ರಶ್ನೆಗೆ ಮನೆಯೊಳಗೆ ಪೂರ್ತಿ ಉತ್ತರವಿಲ್ಲ ಎಂದು ಒಪ್ಪಿಕೊಳ್ಳಬೇಕು. ಉತ್ತರದ ಒಂದು ಭಾಗ ಪಕ್ಕದ ಕೇರಳದಲ್ಲಿದೆ. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ವೈದ್ಯಕೀಯ ಕಾಲೇಜಿನ ಆವರಣದಿಂದ ಶುರುವಾದ ಉಪಶಾಮಕ ಆರೈಕೆಯ ಚಳವಳಿ, ಮುಂದೆ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕಾಗಿ ನೀತಿಯನ್ನೇ ಹೊರಡಿಸಿತು. ಸ್ಥಳೀಯ ಪಂಚಾಯಿತಿಗಳ ಮೂಲಕ ನರ್ಸುಗಳು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಅಂಥ ರೋಗಿಗಳನ್ನು ಪೂರ್ಣಾವಧಿ ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂಬ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ತೀರಾ ಚಿಕ್ಕದು. ಆದರೂ ನೋಡಿಕೊಳ್ಳುವವರನ್ನು ಸರ್ಕಾರದ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯಾಗಿ ದಾಖಲಿಸಿದ್ದು ಚಿಕ್ಕ ಸಂಗತಿಯಲ್ಲ. ನಮ್ಮ ದೇಶದ 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆ ಮಕ್ಕಳ ಕರ್ತವ್ಯವನ್ನು ಹೇಳುತ್ತದೆ. ಆ ಕರ್ತವ್ಯ ಮಾಡುತ್ತಾ ಕುಗ್ಗಿದವರಿಗೆ ಏನು ಎಂದು ಹೇಳುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾ ಬಂದಿದೆ. ಲಕ್ವ, ಮರೆವು, ಪಾರ್ಕಿನ್ಸನ್ಸ್ ಇರುವವರನ್ನು ನಾಲ್ಕು ದಿನ ನಂಬಿಕೆಯಿಂದ ಬಿಟ್ಟುಬರಬಹುದಾದ ಒಂದು ಜಾಗ ಪ್ರತಿ ತಾಲ್ಲೂಕು ಆಸ್ಪತ್ರೆಯ ಆಸುಪಾಸಿನಲ್ಲಿ ಇರಬೇಕು ಎಂದು ಒತ್ತಾಯಿಸುವುದು ಸ್ವಂತ ಆರೈಕೆಯ ಮಾತಿಗೆ ಹೊರಗಿನದಲ್ಲ.

ಬಳಲಿಕೆ ಯಾವಾಗ ಕಾಯಿಲೆಯ ಕಡೆ ತಿರುಗಿದೆ ಎಂಬುದನ್ನೂ ತಿಳಿದಿರಬೇಕು. ಅವಕಾಶ ಸಿಕ್ಕರೂ ನಿದ್ದೆ ಬಾರದಿರುವುದು, ಎರಡು ವಾರಗಳಿಗೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು, ತೂಕ ಇಳಿಯುವುದು, 'ಇವರು ಹೋದರೆ ಸಾಕು' ಅಥವಾ 'ನಾನೇ ಹೋದರೆ ಸಾಕು' ಎಂಬ ಯೋಚನೆ ಮರಳಿ ಮರಳಿ ಬರುವುದು ಇವು ಉಸಿರಾಟದ ಅಭ್ಯಾಸದಿಂದ ತೀರುವ ಸಂಗತಿಗಳಲ್ಲ. ಅಂಥ ಯೋಚನೆ ಬಂತೆಂದು ಯಾರೂ ಕೆಟ್ಟವರಾಗುವುದಿಲ್ಲ. ಅದನ್ನು ವೈದ್ಯರ ಮುಂದೆ ಹೇಳಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದರ ಕೇಂದ್ರಸ್ಥಾನ ನಿಮ್ಹಾನ್ಸ್. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ರೋಗಿಯ ತಪಾಸಣೆಗೆ ಹೋದ ದಿನವೇ ತಮ್ಮ ಬಿಪಿಯನ್ನೂ ನೋಡಿಸಿಕೊಳ್ಳುವುದು ಇನ್ನೂ ಸುಲಭ. ವೈದ್ಯರೂ ಫೈಲಿನಿಂದ ತಲೆಯೆತ್ತಿ ಅದನ್ನು ಹಿಡಿದವರಿಗೆ 'ರಾತ್ರಿ ನಿಮಗೆ ಎಷ್ಟು ಗಂಟೆ ನಿದ್ದೆಯಾಗುತ್ತದೆ' ಎಂದು ಕೇಳಿದರೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯದು.

ಬಂಧುಗಳು ಮಾಡಬಹುದಾದದ್ದು ಇನ್ನೊಂದಿದೆ. ರೋಗಿಯನ್ನು ನೋಡಿಕೊಂಡು ಹೋಗಲು ಬರುವುದು ನಮ್ಮಲ್ಲಿ ಗಟ್ಟಿಯಾಗಿ ಉಳಿದಿರುವ ಒಳ್ಳೆಯ ರೂಢಿ. ಸೇಬು, ಮೂಸಂಬಿ, ಎಳನೀರು ಹಿಡಿದು ಬರುತ್ತಾರೆ, ಮಂಚದ ಪಕ್ಕ ಕುರ್ಚಿಯಲ್ಲಿ ಕೂರುತ್ತಾರೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಮಧ್ಯಾಹ್ನ ಒಂದರ್ಧ ಗಂಟೆ ಒರಗಬೇಕೆಂದಿದ್ದ ಸೊಸೆ ಎದ್ದು ಕಾಫಿಗೆ ಹಾಲು ಕಾಯಿಸುತ್ತಿರುತ್ತಾಳೆ. ಮುಂದಿನ ಸಲ ಹೋಗುವವರು ಫೋನ್ ಮಾಡಿ, 'ಶನಿವಾರ ಎರಡರಿಂದ ಐದರವರೆಗೆ ನಾನು ಅವರ ಹತ್ತಿರ ಇರ್ತೀನಿ, ನೀನು ಬಾಗಿಲು ಹಾಕ್ಕೊಂಡು ಮಲಕ್ಕೋ ಅಥವಾ ಎಲ್ಲಾದ್ರೂ ಹೋಗಿ ಬಾ' ಎಂದು ಹೇಳಿ ಹೋಗಬಹುದು. ಮೂರು ಗಂಟೆಗೆ ಕೊಡಬೇಕಾದ ಮಾತ್ರೆ ಯಾವುದು, ನೀರು ಕುಡಿಸುವಾಗ ತಲೆಯನ್ನು ಎಷ್ಟು ಎತ್ತಬೇಕು, ಯಾವಾಗ ಮಗ್ಗುಲು ಬದಲಿಸಬೇಕು ಎಂದು ಬಂದ ಕೂಡಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಕಾಫಿ ಬೇಕಿದ್ದರೆ ತಾವೇ ಮಾಡಿಕೊಳ್ಳಬೇಕು.